ಅಕ್ಕನ ಮನೆಯ ಏರಿಗೆ ಯಾವ ಸ್ಕೂಟರ್? 125ರಿಂದ 160 ಸಿಸಿವರೆಗಿನ ಹೋಲಿಕೆ

ತೀರ್ಥಹಳ್ಳಿಯಿಂದ ಒಳಗೆ ಅಕ್ಕನ ಮನೆ. ಡಾಂಬರು ರಸ್ತೆ ಬಿಟ್ಟು ತೋಟದ ದಾರಿಗೆ ತಿರುಗಿದ ಮೇಲೆ ಅಂಗಳ ಮುಟ್ಟುವವರೆಗೆ ಸುಮಾರು ಇನ್ನೂರು ಮೀಟರ್ ಏರು, ಅರ್ಧ ಕಾಂಕ್ರೀಟು, ಅರ್ಧ ಜಂಬಿಟ್ಟಿಗೆ ಕಲ್ಲು. ಹನ್ನೊಂದು ವರ್ಷ ದುಡಿದ ಅವಳ 110 ಸಿಸಿ ಸ್ಕೂಟರ್ ಒಬ್ಬಳನ್ನು ಹೇಗೋ ಹತ್ತಿಸುತ್ತಿತ್ತು. ಹಿಂದೆ ಭಾವ ಕೂತರೆ ನಡುದಾರಿಯಲ್ಲಿ ನಿಲ್ಲುತ್ತಿತ್ತು. ಭಾವ ಇಳಿದು ನಡೆದು ಬರುತ್ತಿದ್ದರು.

ಹೊಸದು ತೆಗೆಯೋಣ ಎಂದಾಗ ಮನೆಯಲ್ಲಿ ಮೂರು ಮನಸ್ಸು. ಭಾವನಿಗೆ ಹಿಂಡಿ ಚೀಲ, ಗ್ಯಾಸ್ ಸಿಲಿಂಡರ್ ಇಡಲು ಫುಟ್‌ಬೋರ್ಡ್ ಬೇಕು. ಮೈಸೂರಿನಲ್ಲಿ ಓದುವ ಮಗನಿಗೆ ಯಮಹಾದ ದೊಡ್ಡ ಸ್ಕೂಟರ್ ಏರಾಕ್ಸ್ ಬೇಕು. ಅಕ್ಕ ಮಾತ್ರ, "ಪಿಕಪ್ಪು ಗಿಕಪ್ಪು ಎಲ್ಲ ನಂಗೆ ಗೊತ್ತಿಲ್ಲ ಮಾರಾಯ. ಕಾಲು ನೆಲಕ್ಕೆ ಸಿಗ್ಬೇಕು, ಆ ಏರಲ್ಲಿ ನಿಂತ್ರೆ ಮತ್ತೆ ಹೊರಡ್ಬೇಕು" ಎಂದಳು. ಶಿವಮೊಗ್ಗದ ಶೋರೂಂಗಳನ್ನು ಎರಡು ತಿಂಗಳು ಸುತ್ತಿದ ಮೇಲೆ ಅವಳು ಕೇಳಿದ್ದೇ ಸರಿಯಾದ ಪ್ರಶ್ನೆ ಎಂದು ನನಗೆ ಖಾತ್ರಿಯಾಯಿತು. ಬ್ರೋಷರಿನಲ್ಲಿ ದಪ್ಪಕ್ಷರದಲ್ಲಿ ಇರುವುದು ಗರಿಷ್ಠ ಶಕ್ತಿ. ಅಕ್ಕನ ಪ್ರಶ್ನೆಗೆ ಉತ್ತರ ಅದರ ಕೆಳಗಿನ ಸಣ್ಣಕ್ಷರದಲ್ಲಿದೆ.

ಮೊದಲು ಒಂದು ಮಾತು. ಹಳೆಯ ಸ್ಕೂಟರ್ ಏರು ಹತ್ತುತ್ತಿಲ್ಲ ಎಂದ ಮಾತ್ರಕ್ಕೆ ಹೊಸದು ಬೇಕೆಂದಿಲ್ಲ. ಬೆಲ್ಟು ಸವೆದಿದ್ದರೆ, ಒಳಗಿನ ರೋಲರ್‌ಗಳು ಒಂದು ಬದಿ ಚಪ್ಪಟೆಯಾಗಿದ್ದರೆ, ಕ್ಲಚ್ ಶೂ ತೆಳುವಾಗಿದ್ದರೆ ಯಾವ ಗಾಡಿಯೂ ಏದುಸಿರು ಬಿಡುತ್ತದೆ. ಅಕ್ಕನದಕ್ಕೂ ಇವನ್ನೆಲ್ಲ ಹಾಕಿಸಿ ನೋಡಿದೆವು. ಒಂದು ವರ್ಷ ನಡೆಯಿತು. ಆಮೇಲೆ ಎಂಜಿನ್ನೇ ಹೊಗೆ ಉಗುಳತೊಡಗಿದಾಗ ಹೊಸದರ ಮಾತು ಬಂತು.

ನಾವು ಅಳೆದು ನೋಡಿದ್ದು ಮುಖ್ಯವಾಗಿ ಐದು: ಸುಜುಕಿ ಆಕ್ಸೆಸ್ 125, ಹೋಂಡಾ ಆಕ್ಟಿವಾ 125, ಟಿವಿಎಸ್ ಜುಪಿಟರ್ 125, ಟಿವಿಎಸ್ ಎನ್‌ಟಾರ್ಕ್ 125, ಯಮಹಾ ಫ್ಯಾಸಿನೋ 125 ಹೈಬ್ರಿಡ್. ಮಗನ ಒತ್ತಾಯಕ್ಕೆ ಏರಾಕ್ಸ್ 155. ವಿದ್ಯುತ್ ಸ್ಕೂಟರ್‌ಗಳನ್ನು ಪಟ್ಟಿಗೆ ತರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಕ್ಕನ ಊರಲ್ಲಿ ಮರ ಬಿದ್ದು ಎರಡೆರಡು ದಿನ ಕರೆಂಟ್ ಇರುವುದಿಲ್ಲ. ಬೆಂಗಳೂರಿನಲ್ಲಿದ್ದವರ ಲೆಕ್ಕ ಬೇರೆ.

ಶಕ್ತಿ ಎಷ್ಟು ಎನ್ನುವುದಕ್ಕಿಂತ ಎಲ್ಲಿ ಸಿಗುತ್ತದೆ ಎನ್ನುವುದು

ಈ ಐದೂ ಸ್ಕೂಟರ್‌ಗಳ ಎಂಜಿನ್ ಹೆಚ್ಚುಕಡಿಮೆ ಒಂದೇ ಗಾತ್ರದ್ದು, 124 ಸಿಸಿ ಆಸುಪಾಸು. ಗರಿಷ್ಠ ಶಕ್ತಿಯಲ್ಲೂ ಅಂಥ ಅಂತರವಿಲ್ಲ. 2025ರ ಆಕ್ಸೆಸ್ 8.4 ಪಿಎಸ್ (ಅಶ್ವಶಕ್ತಿಯ ಅಳತೆ), ಜುಪಿಟರ್ 125 ಬಿಡುಗಡೆಯಾದಾಗ ಹೇಳಿದ್ದು 8.15, ಫ್ಯಾಸಿನೋ 8.2, ಆಕ್ಟಿವಾ 8.4ರ ಹತ್ತಿರ. ಎನ್‌ಟಾರ್ಕ್‌ಗೆ ಮೂರು ವಾಲ್ವ್ ಇರುವುದರಿಂದ 9.38. ಕಂಪನಿಗಳು ವರ್ಷಕ್ಕೊಮ್ಮೆ ಈ ಅಂಕಿಗಳನ್ನು ಚೂರು ತಿದ್ದುತ್ತವೆ, ಕೊಳ್ಳುವ ದಿನದ ಬ್ರೋಷರ್ ಒಮ್ಮೆ ನೋಡಿಕೊಳ್ಳಿ.

ಈಗ ಟಾರ್ಕ್, ಅಂದರೆ ತಿರುಚುಬಲದ ಸಾಲಿಗೆ ಬನ್ನಿ. ಜುಪಿಟರ್ 125ಕ್ಕೆ 10.5 ನ್ಯೂಟನ್ ಮೀಟರ್, 4500 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ 4500 ಸುತ್ತು ತಿರುಗುವಾಗ. ಎನ್‌ಟಾರ್ಕ್‌ಗೂ ಅದೇ 10.5, ಆದರೆ 5500ರಲ್ಲಿ. ಆಕ್ಸೆಸ್‌ಗೆ 10.2, ಫ್ಯಾಸಿನೋಗೆ 10.3, ಎರಡಕ್ಕೂ 5000ದಲ್ಲಿ. ಒಂದೇ ತಿರುಚುಬಲವನ್ನು ಒಂದು ಎಂಜಿನ್ ಸಾವಿರ ಸುತ್ತು ಮೊದಲೇ ಕೊಡುತ್ತದೆ ಎಂದರೆ ಅಕ್ಕನ ಏರಿನಲ್ಲಿ ಅದಕ್ಕೊಂದು ಅರ್ಥವಿದೆ. ಅದು ತಿಳಿಯಬೇಕಾದರೆ ಸ್ಕೂಟರಿನ ಹೊಟ್ಟೆಯೊಳಗೆ ಇಣುಕಬೇಕು.

ಗೇರಿಲ್ಲದ ಸ್ಕೂಟರಿನಲ್ಲಿ ಎಂಜಿನ್ನಿಗೂ ಹಿಂದಿನ ಚಕ್ರಕ್ಕೂ ನಡುವೆ ಎರಡು ರಾಟೆ, ಒಂದು ಬೆಲ್ಟು. ಮುಂದಿನ ರಾಟೆಯೊಳಗೆ ಸಣ್ಣ ರೋಲರ್‌ಗಳಿವೆ. ಎಂಜಿನ್ ಜೋರಾಗಿ ತಿರುಗಿದಂತೆ ಅವು ಹೊರಕ್ಕೆ ಸರಿದು ರಾಟೆಯ ತಟ್ಟೆಗಳನ್ನು ಹತ್ತಿರ ಒತ್ತುತ್ತವೆ, ಬೆಲ್ಟು ಮೇಲಕ್ಕೇರಿ ದೊಡ್ಡ ಸುತ್ತು ಹೊಡೆಯತೊಡಗುತ್ತದೆ. ಗೇರು ಬದಲಾಗುವುದೆಂದರೆ ಇಲ್ಲಿ ಇಷ್ಟೇ. ಹಿಂದಿನ ರಾಟೆಯ ಬಳಿ ಕ್ಲಚ್ ಇದೆ. ಎಂಜಿನ್ ಒಂದು ಮಟ್ಟದ ವೇಗ ಮುಟ್ಟುವವರೆಗೆ ಅದು ಚಕ್ರವನ್ನು ಹಿಡಿಯುವುದೇ ಇಲ್ಲ, ಆಮೇಲೂ ಸ್ವಲ್ಪ ಹೊತ್ತು ಜಾರುತ್ತಲೇ ಹಿಡಿಯುತ್ತದೆ. ಏರಿನಲ್ಲಿ ನಿಂತ ಗಾಡಿಗೆ ನೀವು ಎಕ್ಸಲೇಟರ್ ಕೊಟ್ಟಾಗ ಮೂಗಿಗೆ ಸುಟ್ಟ ವಾಸನೆ ಬಡಿಯುವುದು ಈ ಜಾರುವಿಕೆಯಿಂದ. ಕಡಿಮೆ ಸುತ್ತಿನಲ್ಲೇ ಬಲವಿರುವ ಎಂಜಿನ್ ಈ ಹಂತವನ್ನು ಬೇಗ ದಾಟುತ್ತದೆ. ಅರ್ಧ ಎಕ್ಸಲೇಟರ್‌ನಲ್ಲಿ ಓಡಿಸುವವರಿಗೂ, ನಮ್ಮ ಮನೆಗಳಲ್ಲಿ ಹೆಚ್ಚಿನವರು ಹಾಗೇ, ಅದು ಹಗುರ ಅನಿಸುತ್ತದೆ.

ಫ್ಯಾಸಿನೋದ ಹೈಬ್ರಿಡ್ ಎಂಬ ಹೆಸರು ಕೇಳಿ ಅದು ಬ್ಯಾಟರಿಯಲ್ಲೂ ಓಡುತ್ತದೆ ಎಂದುಕೊಂಡವರಿದ್ದಾರೆ. ಹಾಗೇನಿಲ್ಲ. ಎಂಜಿನ್ ಚಾಲೂ ಮಾಡುವ ಮೋಟಾರೇ ನಿಂತಲ್ಲಿಂದ ಹೊರಡುವಾಗ ಕೆಲವು ಸೆಕೆಂಡು ಎಂಜಿನ್ನಿಗೆ ಕೈಗೂಡಿಸುತ್ತದೆ. ಆ ಕೆಲವು ಸೆಕೆಂಡೇ ಏರಿನ ಕಷ್ಟದ ಹೊತ್ತು ಕೂಡ. ಓಡಿಸಿ ನೋಡಿದಾಗ ಅದರ ನೆರವು ನನಗೆ ಸ್ಪಷ್ಟವಾಗಿ ತಿಳಿಯಿತು.

ಶಕ್ತಿಯ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಿದೆ. ಸ್ಕೂಟರ್ 106 ಕೆ.ಜಿ., ಕೂತ ಇಬ್ಬರು 120, ಒಟ್ಟು 226 ಕೆ.ಜಿ. ನೂರು ಮೀಟರಿಗೆ ಹತ್ತು ಮೀಟರ್ ಮೇಲೇರುವ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಈ ಭಾರ ಎತ್ತುವುದಕ್ಕೇ ಸುಮಾರು 2.5 ಪಿಎಸ್ ಬೇಕು. ನೂರಕ್ಕೆ ಇಪ್ಪತ್ತಾದರೆ 5 ಪಿಎಸ್. ಬೆಲ್ಟು, ಗೇರು, ಟೈರುಗಳಲ್ಲಿ ಸೋರುವುದು ಬೇರೆ. ಎಂಟು ಪಿಎಸ್‌ನ ಗಾಡಿ ಅಂಥ ಕಡೆ ತನ್ನಲ್ಲಿರುವುದನ್ನೆಲ್ಲ ಹಾಕಬೇಕಾಗುತ್ತದೆ. 110 ಸಿಸಿಯವು ಟಾರ್ಕ್‌ನಲ್ಲಿ 9 ನ್ಯೂಟನ್ ಮೀಟರ್ ಆಸುಪಾಸು ನಿಲ್ಲುತ್ತವೆ. 125ಕ್ಕೆ ಏರಿದರೆ ಸಿಗುವ ಒಂದು, ಒಂದೂವರೆ ನ್ಯೂಟನ್ ಮೀಟರ್ ಬಯಲುಸೀಮೆಯಲ್ಲಿ ಐಷಾರಾಮ ಅನಿಸಬಹುದು, ಮಲೆನಾಡಿನಲ್ಲಿ ಭಾವ ಇಳಿದು ನಡೆಯುವುದನ್ನು ತಪ್ಪಿಸುತ್ತದೆ.

ತೂಕದ ಬಗ್ಗೆ ನಾನು ತಪ್ಪು ತಿಳಿದಿದ್ದೆ

ತೂಕದ ಗಾಡಿ ಏರು ಹತ್ತುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ನಾನೂ ನಂಬಿದ್ದೆ. ಫ್ಯಾಸಿನೋ 99 ಕೆ.ಜಿ., ಆಕ್ಸೆಸ್ 106, ಜುಪಿಟರ್ 125 ಸುಮಾರು 108, ಆಕ್ಟಿವಾ 125 ಕೂಡ ಅದರ ಆಸುಪಾಸು, ಎನ್‌ಟಾರ್ಕ್ 118. ಆಕ್ಸೆಸ್‌ಗೂ ಎನ್‌ಟಾರ್ಕ್‌ಗೂ 12 ಕೆ.ಜಿ. ವ್ಯತ್ಯಾಸ. ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ ನೂರಕ್ಕೆ ಇಪ್ಪತ್ತರ ಏರಿನಲ್ಲೂ ಆ 12 ಕೆ.ಜಿ. ಎತ್ತಲು ಬೇಕಾಗುವುದು ಕಾಲು ಪಿಎಸ್‌ಗಿಂತ ಸ್ವಲ್ಪ ಹೆಚ್ಚು. ಎನ್‌ಟಾರ್ಕ್‌ನಲ್ಲಿ ಒಂದು ಪಿಎಸ್ ಹೆಚ್ಚಿಗೇ ಇದೆ. ಹತ್ತುವಾಗ ಅದು ಹಿಂದೆ ಬೀಳುವುದಿಲ್ಲ.

ತೂಕ ಕಾಡುವುದು ಎಂಜಿನ್ ಆಫ್ ಇದ್ದಾಗ. ಇಳಿಜಾರು ಅಂಗಳದಲ್ಲಿ ಹಿಂದಕ್ಕೆ ಎಳೆದು ತಿರುಗಿಸುವಾಗ, ಸೆಂಟರ್ ಸ್ಟ್ಯಾಂಡ್ ಹಾಕುವಾಗ, ಮಳೆಯಲ್ಲಿ ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲು ಜಾರಿದಾಗ ಆ 12 ಕೆ.ಜಿ. ಪೂರ್ತಿ ಮೈಮೇಲೆ ಬರುತ್ತದೆ. ಐವತ್ತೆರಡು ದಾಟಿದ ಅಕ್ಕ ಎನ್‌ಟಾರ್ಕ್ ಅನ್ನು ಸ್ಟ್ಯಾಂಡ್‌ನಿಂದ ಇಳಿಸುವಾಗಲೇ ಬೇಡ ಎಂದಳು. ಫ್ಯಾಸಿನೋ ಅವಳ ಕೈಗೆ ಹೂವಿನಂತೆ ಬಂತು. ಸೀಟಿನ ಎತ್ತರದಲ್ಲಿ ಅಂಕಿಗಳು ದೊಡ್ಡ ವ್ಯತ್ಯಾಸ ತೋರಿಸುವುದಿಲ್ಲ. ಜುಪಿಟರ್ 765 ಮಿ.ಮೀ., ಎನ್‌ಟಾರ್ಕ್ 770, ಆಕ್ಸೆಸ್ 773, ಫ್ಯಾಸಿನೋ 780. ಒಂದೂವರೆ ಸೆಂಟಿಮೀಟರ್ ಒಳಗೇ ಎಲ್ಲ. ಆದರೆ ಸೀಟು ಅಗಲವಾದಷ್ಟೂ ತೊಡೆ ಹೊರಗೆ ಚಾಚಿ ಕಾಲು ಮೇಲೇಳುತ್ತದೆ. ಅದನ್ನು ಯಾವ ಕಂಪನಿಯೂ ಬರೆಯುವುದಿಲ್ಲ. ಸೀರೆಯಲ್ಲೋ ಚೂಡಿದಾರದಲ್ಲೋ ದಿನಾ ಹೇಗೆ ಓಡಿಸುತ್ತಾರೋ ಹಾಗೇ ಹೋಗಿ ಕೂತು ನೋಡಬೇಕು.

ಟೈರಿನ ಮೇಲಿನ ಮೂರು ಅಂಕಿ

ಇದಕ್ಕೆ ಯಾರೂ ಗಮನ ಕೊಡುವುದಿಲ್ಲ, ನನಗೆ ಇದೇ ಅತಿ ಮುಖ್ಯ ಅನಿಸುತ್ತದೆ. ಟೈರಿನ ಮೇಲೆ 90/100-10 ಎಂದಿದ್ದರೆ ಅಗಲ 90 ಮಿ.ಮೀ., ಅಂಚಿನ ಎತ್ತರ ಆ ಅಗಲದ ನೂರಕ್ಕೆ ನೂರು, ಒಳಗಿನ ರಿಮ್ 10 ಇಂಚು. ರಿಮ್ಮಿಗೆ ಎರಡೂ ಬದಿಯ ಎತ್ತರ ಕೂಡಿಸಿದರೆ ಚಕ್ರದ ಪೂರ್ತಿ ವ್ಯಾಸ ಸಿಗುತ್ತದೆ: 254 ಮಿ.ಮೀ. ಜೊತೆಗೆ 180, ಒಟ್ಟು 434. ಆಕ್ಸೆಸ್ ಮತ್ತು ಆಕ್ಟಿವಾ 125ರ ಹಿಂದಿನ ಚಕ್ರ ಇಷ್ಟು. ಜುಪಿಟರ್ 125ಕ್ಕೆ ಹಿಂದೆಯೂ 90/90-12, ಅಂದರೆ 467 ಮಿ.ಮೀ. ಎನ್‌ಟಾರ್ಕ್‌ನ ಹಿಂದಿನದು 110/80-12, ಸುಮಾರು 481. ಫ್ಯಾಸಿನೋ ರಿಮ್ 10 ಇಂಚೇ ಆದರೂ ಟೈರ್ 110/90 ಆದ್ದರಿಂದ 452ಕ್ಕೆ ಏರುತ್ತದೆ. ಮುಂದಿನ ಚಕ್ರ ಐದರಲ್ಲೂ 12 ಇಂಚಿನದು.

ಚಕ್ರ ದೊಡ್ಡದಾದಷ್ಟೂ ಗುಂಡಿಯೊಳಗೆ ಕಡಿಮೆ ಇಳಿಯುತ್ತದೆ. ಮುಂದಿನ ಚಕ್ರ ದಾಟಿದ ಗುಂಡಿಯಲ್ಲಿ ಹಿಂದಿನ 10 ಇಂಚು ಧಪ್ ಎಂದು ಕೂರುವುದು ಹಿಂದೆ ಕೂತವರ ಸೊಂಟಕ್ಕೆ ಗೊತ್ತು. ಮಳೆಗಾಲ ಮುಗಿದ ನಮ್ಮ ಒಳರಸ್ತೆಗಳಲ್ಲಿ ಈ ಮೂರು ಸೆಂಟಿಮೀಟರಿನ ವ್ಯತ್ಯಾಸ ದಿನವೂ ಅನುಭವಕ್ಕೆ ಬರುತ್ತದೆ. ಶೋರೂಂ ಮುಂದಿನ ನುಣುಪು ರಸ್ತೆಯಲ್ಲಿ ಬರುವುದಿಲ್ಲ.

ನೆಲದಿಂದ ತಳದ ಎತ್ತರವನ್ನೂ ಇದರ ಜೊತೆಗೇ ನೋಡಿ. ಜುಪಿಟರ್ 163 ಮಿ.ಮೀ., ಆಕ್ಸೆಸ್ 160, ಎನ್‌ಟಾರ್ಕ್ 155, ಫ್ಯಾಸಿನೋ 145. ಅಕ್ಕನ ಪಟ್ಟಿಯಿಂದ ಫ್ಯಾಸಿನೋ ಬಿದ್ದದ್ದು ಇಲ್ಲೇ. ತೋಟದ ದಾರಿಯಲ್ಲಿ ಎರಡು ಚಕ್ರದ ಗುರುತಿನ ನಡುವೆ ಕಲ್ಲು ಎದ್ದಿರುತ್ತದೆ, ಇಬ್ಬರು ಕೂತರೆ ಸ್ಪ್ರಿಂಗ್ ಇಳಿದು ತಳ ಇನ್ನಷ್ಟು ಕೆಳಗೆ ಬರುತ್ತದೆ. ಪೇಟೆಯಲ್ಲೇ ಓಡಾಡುವವರಾದರೆ, ಅದರಲ್ಲೂ ಮೈಕಟ್ಟು ಸಣ್ಣದಿರುವವರಿಗೆ, ನಾನು ಮೊದಲು ತೋರಿಸುವುದು ಫ್ಯಾಸಿನೋವನ್ನೇ.

ಹತ್ತಿದ ಮೇಲೆ ಇಳಿಯಬೇಕಲ್ಲ

ಉಡುಪಿ ಕಡೆಯ ನೆಂಟರ ಮನೆಗೆ ಆಗುಂಬೆ ಘಾಟಿ ಇಳಿಯುವುದು ಅಕ್ಕನಿಗೆ ವರ್ಷಕ್ಕೆ ನಾಲ್ಕೈದು ಸಲವಾದರೂ ಇದೆ. ಹದಿನಾಲ್ಕು ಹಿಮ್ಮುರಿ ತಿರುವು. ಸ್ಕೂಟರ್ ಇಲ್ಲಿ ಬೈಕಿನಂತೆ ನಡೆದುಕೊಳ್ಳುವುದಿಲ್ಲ. ಬೈಕನ್ನು ಎರಡನೇ ಗೇರಿಗೆ ಹಾಕಿದರೆ ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಸ್ಕೂಟರಿನಲ್ಲಿ ತಿರುವಿಗೆಂದು ತುಂಬ ನಿಧಾನ ಮಾಡಿದಾಗ ಕ್ಲಚ್ ಬಿಟ್ಟುಕೊಳ್ಳುತ್ತದೆ. ಆಗ ಗಾಡಿ ನ್ಯೂಟ್ರಲ್‌ನಲ್ಲಿ ಉರುಳುವಂತೆ ಉರುಳತೊಡಗುತ್ತದೆ, ಪೂರ್ತಿ ಭಾರ ಬ್ರೇಕಿನ ಮೇಲೆ. ತಿರುವು ದಾಟಿದ ಕೂಡಲೇ ಒಂದು ಕ್ಷಣ ಚೂರು ಎಕ್ಸಲೇಟರ್ ಕೊಟ್ಟು ಬಿಟ್ಟರೆ ಕ್ಲಚ್ ಮತ್ತೆ ಹಿಡಿದು ಎಂಜಿನ್ನಿನ ತಡೆ ಸಿಗುತ್ತದೆ. ಹಿಂದಿನ ಬ್ರೇಕನ್ನೇ ಉದ್ದಕ್ಕೂ ಒತ್ತಿ ಹಿಡಿದರೆ ಡ್ರಮ್ ಕಾದು ಹಿಡಿತ ಸಡಿಲವಾಗುತ್ತದೆ. ಒತ್ತಿ, ಬಿಟ್ಟು, ಮತ್ತೆ ಒತ್ತಿ ಇಳಿಯಬೇಕು.

ಆದ್ದರಿಂದ ಮುಂದೆ ಡಿಸ್ಕ್ ಇರುವ ಮಾದರಿಯನ್ನೇ ತೆಗೆದುಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ. ಒಂದೇ ಹೆಸರಿನ ಸ್ಕೂಟರಿನಲ್ಲಿ ಕಡಿಮೆ ಬೆಲೆಯ ಮಾದರಿಗೆ ಮುಂದೆಯೂ ಡ್ರಮ್ ಇರುತ್ತದೆ. ಉಳಿಯುವ ಕೆಲವು ಸಾವಿರ ಘಾಟಿಯಲ್ಲಿ ಕೆಲಸಕ್ಕೆ ಬರುವುದಿಲ್ಲ. 125 ಸಿಸಿವರೆಗಿನ ಗಾಡಿಗಳಿಗೆ ನಿಯಮದಂತೆ ಸಿಬಿಎಸ್ ಸಾಕು. ಎಡಗೈ ಬ್ರೇಕ್ ಒತ್ತಿದಾಗ ಮುಂದಿನದೂ ಸ್ವಲ್ಪ ಹಿಡಿಯುತ್ತದೆ, ಅಷ್ಟೇ. ಅದಕ್ಕಿಂತ ದೊಡ್ಡ ಎಂಜಿನ್ ಇದ್ದರೆ ಎಬಿಎಸ್ ಬೇಕೇ ಬೇಕು ಎಂಬ ನಿಯಮವಿದೆ, ಒದ್ದೆ ರಸ್ತೆಯಲ್ಲಿ ಜೋರಾಗಿ ಒತ್ತಿದಾಗ ಚಕ್ರ ಕಟ್ಟಿಕೊಳ್ಳದಂತೆ ಅದು ಕಾಯುತ್ತದೆ. 150ರ ಮೇಲಿನ ಗಾಡಿಗಳ ಪರವಾಗಿ ನಾನು ಹೇಳುವ ಮೊದಲ ಮಾತು ಅವುಗಳ ವೇಗದ್ದಲ್ಲ, ಈ ಎಬಿಎಸ್‌ದು.

ಡಿಕ್ಕಿ, ಫುಟ್‌ಬೋರ್ಡ್, ಪೆಟ್ರೋಲ್ ಬಾಯಿ

ಜುಪಿಟರ್ 125ರಲ್ಲಿ ಪೆಟ್ರೋಲ್ ಟ್ಯಾಂಕನ್ನು ಸೀಟಿನಡಿಯಿಂದ ತೆಗೆದು ಫುಟ್‌ಬೋರ್ಡಿನ ಕೆಳಗೆ ಇಟ್ಟಿದ್ದಾರೆ. ಹಾಗಾಗಿ ಸೀಟಿನಡಿ 33 ಲೀಟರ್ ಜಾಗ, ಎರಡು ಹೆಲ್ಮೆಟ್ ಹಿಡಿಯುತ್ತದೆ. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯವಾಗಿರುವಾಗ ಇದು ದೊಡ್ಡ ಅನುಕೂಲ. ಪೆಟ್ರೋಲ್ ಹಾಕಿಸುವುದು ಮುಂಭಾಗದಲ್ಲೇ, ಇಳಿಯಬೇಕಿಲ್ಲ. ಭಾರ ಕೆಳಗಿರುವುದರಿಂದ ನಿಧಾನಕ್ಕೆ ತಿರುಗಿಸುವಾಗ ಗಾಡಿ ನೆಟ್ಟಗೆ ನಿಲ್ಲುತ್ತದೆ. ಹೊಸ ಆಕ್ಸೆಸ್‌ಗೆ 24.4 ಲೀಟರ್, ಫ್ಯಾಸಿನೋಗೆ 21. ಆಕ್ಟಿವಾ ಈ ವಿಷಯದಲ್ಲಿ ಇವೆಲ್ಲಕ್ಕಿಂತ ಹಿಂದೆ. ಅದರ ಬಲ ಬೇರೆ ಕಡೆ ಇದೆ: ಸೆಲ್ಫ್ ಹೊಡೆದರೆ ಸದ್ದೇ ಇಲ್ಲದೆ ಚಾಲೂ ಆಗುವ ಎಂಜಿನ್, ಲೋಹದ ಬಾಡಿ, ಮಾರುವಾಗ ಸುಲಭಕ್ಕೆ ಸಿಗುವ ಗಿರಾಕಿ. ಕರಾವಳಿಯವರು ಮಾತ್ರ ಲೋಹದ ಬಾಡಿಯ ತಳಕ್ಕೆ ತುಕ್ಕು ತಡೆಯುವ ಲೇಪ ಮಾಡಿಸಿಕೊಳ್ಳಬೇಕು, ಉಪ್ಪುಗಾಳಿ ಯಾರನ್ನೂ ಬಿಡುವುದಿಲ್ಲ.

ಮೈಲೇಜ್ ವಿಷಯ ಬೇಗ ಮುಗಿಸುತ್ತೇನೆ. ಸಮ ಕೈಯಲ್ಲಿ ಓಡಿಸಿದರೆ ಈ ಐದೂ ಲೀಟರಿಗೆ 40ರಿಂದ 50 ಕಿ.ಮೀ. ನಡುವೆ ಕೊಡುತ್ತವೆ, ಎನ್‌ಟಾರ್ಕ್ ಕೆಳತುದಿಗೆ ಹತ್ತಿರ. ಗಾಡಿಗಿಂತ ಓಡಿಸುವ ಕೈಯೇ ಹೆಚ್ಚು ವ್ಯತ್ಯಾಸ ಮಾಡುತ್ತದೆ. ಟ್ಯಾಂಕ್ ಎಲ್ಲದಕ್ಕೂ ಐದು ಲೀಟರ್ ಮೇಲೆ, ಎನ್‌ಟಾರ್ಕ್‌ಗೆ 5.8. ಬ್ಲೂಟೂತ್, ನಕ್ಷೆ ತೋರಿಸುವ ಪರದೆ ಇವೆಲ್ಲ ಇದ್ದರೆ ಇರಲಿ.

ಮಗನ ಏರಾಕ್ಸ್

155 ಸಿಸಿ, ನೀರಿನಿಂದ ತಣಿಯುವ ಎಂಜಿನ್, 15 ಪಿಎಸ್, 13.9 ನ್ಯೂಟನ್ ಮೀಟರ್. ತೂಕ 126 ಕೆ.ಜಿ., ಚಕ್ರ 14 ಇಂಚು, ಮೇಲಿನ ಲೆಕ್ಕದಲ್ಲಿ ಹಿಂದಿನದು 550 ಮಿ.ಮೀ. ದಾಟುತ್ತದೆ. ಓಡಿಸಿದಾಗ ಹುಡುಗನ ಆಸೆ ನನಗೆ ಅರ್ಥವಾಯಿತು. ಗಂಟೆಗೆ 60ರಲ್ಲಿ ಹೋಗುತ್ತ ಲಾರಿ ದಾಟಬೇಕೆಂದರೆ 125ರಲ್ಲಿ ಉಸಿರು ಬಿಗಿಹಿಡಿದು ಕಾಯಬೇಕು, ಇದು ಕೇಳಿದ ಕೂಡಲೇ ಹೊರಡುತ್ತದೆ. ಹೆದ್ದಾರಿಯಲ್ಲಿ ದಿನಾ ಮೂವತ್ತು ನಲವತ್ತು ಕಿ.ಮೀ. ಓಡಾಡುವವರಿಗೆ ಈ ವರ್ಗ ನಿಜವಾಗಿ ಬೇಕು. ಹೀರೋ ಝೂಮ್ 160 ಕೂಡ ಇದೇ ಜಾತಿ: 14.8 ಪಿಎಸ್, 14 ಇಂಚಿನ ಚಕ್ರ, 7 ಲೀಟರ್ ಟ್ಯಾಂಕ್. ಆದರೆ ತೂಕ 142 ಕೆ.ಜಿ. 2025ರ ಸೆಪ್ಟೆಂಬರ್‌ನಲ್ಲಿ ಬಂದ ಎನ್‌ಟಾರ್ಕ್ 150ಕ್ಕೆ 13.2 ಪಿಎಸ್, ಅದರಲ್ಲಿ ಚಪ್ಪಟೆ ಫುಟ್‌ಬೋರ್ಡ್ ಉಳಿದಿದೆ.

ಏರಾಕ್ಸ್‌ನಲ್ಲಿ ಅದು ಇಲ್ಲ. ಎರಡು ಕಾಲುಗಳ ನಡುವೆ ಬೈಕಿನ ಹಾಗೆ ಎದ್ದ ಭಾಗವಿದೆ. ಚೀಲ ಇಡುವಂತಿಲ್ಲ, ಸಿಲಿಂಡರ್ ಇಡುವಂತಿಲ್ಲ, ಸೀರೆಯುಟ್ಟವರು ಹತ್ತುವಂತಿಲ್ಲ. ಟಾರ್ಕ್ ಪೂರ್ತಿ ಸಿಗುವುದು 6500 ಆರ್‌ಪಿಎಂನಲ್ಲಿ, ತಳದ ಎತ್ತರ 145 ಮಿ.ಮೀ. ಹೆದ್ದಾರಿಗೆ ಹೇಳಿಮಾಡಿಸಿದ ಗಾಡಿ ತೋಟದ ದಾರಿಗೆ ಆಗುವುದಿಲ್ಲ. "ಕೆಲಸ ಸಿಕ್ಕಿದ ಮೇಲೆ ನಿನ್ನ ದುಡ್ಡಲ್ಲಿ ತಗೋ, ಅಮ್ಮನ ಗಾಡಿ ಅಮ್ಮನಿಗೆ ಹೊಂದಬೇಕು" ಎಂದೆ. ಒಪ್ಪಿಕೊಂಡ.

ಓಡಿಸಿ ನೋಡುವುದು ಹೇಗೆ

ಶೋರೂಂನವರು ಕೊಡುವ ಐದು ನಿಮಿಷದ ಸುತ್ತು ಏನನ್ನೂ ಹೇಳುವುದಿಲ್ಲ. ಹಿಂದೆ ಒಬ್ಬರನ್ನು ಕೂರಿಸಿಕೊಳ್ಳಿ. ಊರಲ್ಲಿ ಎಲ್ಲಿ ಏರಿದೆಯೋ ಅಲ್ಲಿಗೆ ಹೋಗಿ, ನಡುವೆ ಪೂರ್ತಿ ನಿಲ್ಲಿಸಿ, ಮತ್ತೆ ಹೊರಡಿಸಿ. ಹಂಪ್ ಮೇಲೆ ನಿಧಾನಕ್ಕೆ ದಾಟಿ ತಳ ತಾಗುತ್ತದೆಯೇ ಕೇಳಿಸಿಕೊಳ್ಳಿ. ಸಾಧ್ಯವಾದರೆ ಸಂಜೆ ಕತ್ತಲಾದ ಮೇಲೆ ಹೋಗಿ ಹೆಡ್‌ಲೈಟ್ ನೋಡಿ. ಒಂದು ಶೋರೂಂನಲ್ಲಿ ಏರಿಗೆ ಒಯ್ಯಲು ಬಿಡಲೇ ಇಲ್ಲ, ನಾವು ಅಲ್ಲಿಂದ ಎದ್ದು ಬಂದೆವು.

ಬೆಲೆ ಕೇಳುವಾಗ ಆನ್‌ರೋಡ್ ಬೆಲೆಯನ್ನೇ ಕೇಳಿ, ವಿಮೆ, ತೆರಿಗೆ, ನೋಂದಣಿ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ದ್ವಿಚಕ್ರ ವಾಹನಗಳ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿದಿದೆ. ಅದಕ್ಕೆ ಮೊದಲಿನ ಬೆಲೆಪಟ್ಟಿ ನಂಬಿ ಚೌಕಾಸಿಗೆ ಕೂರಬೇಡಿ. ಹೋಂಡಾ ಕಾರ್ಖಾನೆ ಕೋಲಾರದ ನರಸಾಪುರದಲ್ಲಿದೆ, ಟಿವಿಎಸ್‌ದು ಮೈಸೂರಿನಲ್ಲಿದೆ ಎಂದು ಬಿಡಿಭಾಗ ನಿಮ್ಮೂರಿಗೆ ತಾನಾಗಿ ಬರುವುದಿಲ್ಲ. ಹತ್ತಿರದ ಸರ್ವಿಸ್ ಸೆಂಟರ್ ಎಷ್ಟು ದೂರ, ಬೆಲ್ಟು, ಬ್ರೇಕ್ ಶೂ ಅಲ್ಲಿ ಸಿಗುತ್ತದೆಯೇ ಎಂದು ಮೊದಲೇ ಹೋಗಿ ಕೇಳಿ.

ಕೊನೆಗೆ ಆಕ್ಸೆಸ್ ಮತ್ತು ಜುಪಿಟರ್ 125 ಉಳಿದವು. ನಾನು ಒಬ್ಬನೇ ಓಡಿಸುವುದಾದರೆ ಆಕ್ಸೆಸ್ ಆರಿಸುತ್ತಿದ್ದೆ, ಆ ಎಂಜಿನ್ನಿನ ನುಣುಪು ನನಗೆ ಬಹಳ ಹಿಡಿಸಿತು. ಅಕ್ಕನಿಗೆ ಜುಪಿಟರ್ ತೆಗೆದೆವು: ಹಿಂದಿನ 12 ಇಂಚಿನ ಚಕ್ರಕ್ಕೆ, 4500ರ ಟಾರ್ಕ್‌ಗೆ, ತಗ್ಗಿನ ಸೀಟಿಗೆ. ಡಿಸ್ಕ್ ಮಾದರಿ. ಇಬ್ಬರು ಕೂರುವಾಗ ಹಿಂದಿನ ಟೈರಿಗೆ ಹೆಚ್ಚು ಗಾಳಿ ಬೇಕೆಂದು ಮ್ಯಾನುಯಲ್‌ನಲ್ಲಿದ್ದ ಅಂಕಿಯನ್ನು ಭಾವ ಡಿಕ್ಕಿಯ ಮುಚ್ಚಳದ ಒಳಗೆ ಪೆನ್ನಿನಲ್ಲಿ ಬರೆದಿಟ್ಟಿದ್ದಾರೆ. ಹೋದ ಭಾನುವಾರ ನಾನು ಅಲ್ಲಿದ್ದಾಗ ಇಬ್ಬರೂ ಪೇಟೆಯಿಂದ ಬಂದರು. ಏರಿನ ನಡುವೆ ಪಕ್ಕದ ಮನೆಯ ದನ ಅಡ್ಡ ನಿಂತಿತ್ತು. ಅಕ್ಕ ಬ್ರೇಕ್ ಹಿಡಿದು ಎರಡೂ ಕಾಲು ಊರಿ ನಿಂತಳು. ದನ ಸರಿಯಿತು. ಭಾವ ಇಳಿಯಲು ಒಂದು ಕಾಲು ಕೆಳಗೆ ಚಾಚಿದ್ದರು, ಅಷ್ಟರಲ್ಲಿ ಗಾಡಿ ಹೊರಟಿತ್ತು.